ಎರಡು ಇಂಚಿನ ಎತ್ತರ

ಜೀಪಿಗೆ ಲಿಫ್ಟ್ ಕಿಟ್ ಹಾಕಿಸಬೇಕೆಂದು ಪ್ರಣಾಲಿ ಬಾಯಿಬಿಟ್ಟದ್ದು ಅವಳ ಅವ್ವ ರೊಟ್ಟಿ ಬಡಿಯುತ್ತಿದ್ದ ಹೊತ್ತಿನಲ್ಲಿ. ಬೀದರಿನ ಮೈಲೂರಿನ ಆ ಮನೆಯಲ್ಲಿ ಮಹಾಮಾಯಾ ರೊಟ್ಟಿ ಬಡಿಯುವಾಗ ಯಾರೂ ಖರ್ಚಿನ ಮಾತು ತೆಗೆಯುತ್ತಿರಲಿಲ್ಲ. ತೆಗೆದರೆ ಹಿಟ್ಟಿನ ಮೇಲೆ ಬೀಳುವ ಪೆಟ್ಟಿನ ಸದ್ದಿನಲ್ಲೇ ಉತ್ತರ ಸಿಕ್ಕಿಬಿಡುತ್ತಿತ್ತು.

"ಏನ್ ಕಿಟ್ಟು?" ಎಂದಳು ಮಹಾಮಾಯಾ.

"ಲಿಫ್ಟ್ ಕಿಟ್ಟವ್ವಾ. ಗಾಲಿ ಮ್ಯಾಲಿನ ಕಮಾನಿ ಪಟ್ಟಾ ತೆಗೆದು ಬ್ಯಾರೆ ಹಾಕ್ತಾರ. ಗಾಡಿ ಎತ್ತರ ಆಗ್ತದ. ಹೊಟ್ಟಿ ಕಲ್ಲಿಗಿ ತಾಕಲ್ಲ."

"ವರ ನೋಡ್ತೇವಿ, ಎತ್ತರ ಎಷ್ಟು ಬೇಕು ಹೇಳಂದ್ರ ಬಾಯಿ ತೆಗೆಯಲ್ಲ. ಗಾಡಿ ಎತ್ತರಕ್ಕ ಇಷ್ಟು ಮಾತು!"

"ಗಾಡಿ ನಾ ಹೇಳಿದ ಕಡಿ ಹೋಗ್ತದ. ವರ ಹೋಗ್ತಾನೇನು?"

ರೊಟ್ಟಿಯ ಸದ್ದು ಜೋರಾಯಿತು. ಪ್ರಣಾಲಿ ಭಾಲ್ಕಿಯಲ್ಲಿ ದನದ ಡಾಕ್ಟರು. ಭಾಲ್ಕಿಯಿಂದ ಔರಾದದ ತನಕ ಕುರಿ, ಎಮ್ಮೆ, ಹೋತ ಎಂದು ತಿರುಗುವವಳು. ಡಾಂಬರು ಕಾಣದ ದಾರಿಗಳಲ್ಲಿ ತಿರುಗಿ ತಿರುಗಿ ಸಾಕಾಗಿ, ಸಂಬಳದ ದುಡ್ಡಿನಲ್ಲಿ ಒಂದು ಹಳೆಯ ಫೋರ್ ಬೈ ಫೋರ್ ಜೀಪು ಕೊಂಡಿದ್ದಳು. ಗಾಡಿ ಅವಳದು, ಸ್ಟೀರಿಂಗ್ ಅವಳದು. ಆದರೆ ಆ ಮನೆಯಲ್ಲಿ ಒಬ್ಬರದು ಎಂಬುದು ಒಬ್ಬರದಾಗಿಯೇ ಉಳಿಯುವ ಪದ್ಧತಿ ಇರಲಿಲ್ಲ. ಮಹಾಮಾಯಾಳ ಶಾಲು ಪ್ರಣಾಲಿಯ ತಮ್ಮ ಅಶ್ವಜಿತನ ಬೈಕಿನ ಸೀಟು ಒರೆಸುತ್ತಿತ್ತು. ಅಶ್ವಜಿತನ ಇಯರ್‌ಫೋನು ಅಪ್ಪನ ಕಿವಿಯಲ್ಲಿರುತ್ತಿತ್ತು. ಹಾಗೆಯೇ ಜೀಪು ಎಲ್ಲರದೂ ಆಗಿತ್ತು, ಡೀಸೆಲ್ ಹಾಕಿಸುವಾಗ ಒಂದನ್ನು ಬಿಟ್ಟು.

ಹೊರಗಿನ ಕೋಣೆಯ ಮಂಚದಿಂದ ಅಜ್ಜಿಯ, ಅಂದರೆ ಆಯಿಯ, ದನಿ ಬಂತು. "ಎಷ್ಟು ಎತ್ತರ ಆಗ್ತದ?"

ಮಹಾಮಾಯಾಳ ಕೈ ನಿಂತಿತು. ಅತ್ತೆ ಅನುಸೂಯಾಬಾಯಿ ಒಂದು ಮಾತು ಕೇಳಿದಳೆಂದರೆ ಅದು ಆ ಮನೆಯಲ್ಲಿ ಅರ್ಧ ತೀರ್ಮಾನವಾದಂತೆಯೇ.

ಕಥೆಯ ಬುಡ ಇರುವುದು ಔರಾದ ದಾಟಿ ಒಳಗೆ ಹೊರಳಿದರೆ ಸಿಗುವ ಬೋರವಾಡಿಯಲ್ಲಿ. ಅಲ್ಲಿ ಅನುಸೂಯಾಬಾಯಿಗೆ ಒಂದು ಹೊಲವಿದೆ. ಅವಳೂ ಅವಳ ಗಂಡನೂ ಮಂದಿಯ ಹೊಲದಲ್ಲಿ ದುಡಿದು, ತುಂಡು ತುಂಡಾಗಿ ಕೊಂಡು ಕೂಡಿಸಿದ ಹೊಲ. ಅದಕ್ಕೆ ಹೋಗುವ ದಾರಿ ಊರ ತುದಿಯ ಧೂಳಪ್ಪ ಪಾಟೀಲನ ಮನೆಯ ಮುಂದೆಯೇ ಹಾಯುತ್ತದೆ. ಧೂಳಪ್ಪನ ಮನೆಗೊಂದು ಎತ್ತರದ ಕಟ್ಟೆ. ಅವನು ಹೊತ್ತು ಹುಟ್ಟಿದಾಗಿನಿಂದ ಮುಳುಗುವ ತನಕ ಅದರ ಮೇಲೆ ಕುಳಿತು ಹೋಗಿಬರುವವರ ಲೆಕ್ಕ ಇಡುವ ಮನುಷ್ಯ. ಪ್ರಣಾಲಿ ಜೀಪು ಕೊಂಡ ವರ್ಷವೇ ಅವನಿಗೆ ಇದ್ದಕ್ಕಿದ್ದಂತೆ ಮಳೆನೀರಿನ ಭಯ ಹುಟ್ಟಿತು. ನೀರು ಅಂಗಳಕ್ಕೆ ಬರುತ್ತದೆ ಎಂದು ದಾರಿಗೆ ಅಡ್ಡಲಾಗಿ ಕಲ್ಲಿನ ಒಡ್ಡು ಹಾಕಿಸಿದ. ಲೆಕ್ಕ ಎಷ್ಟು ಚಂದವೆಂದರೆ, ಅವನ ಮಗನ ಟ್ರ್ಯಾಕ್ಟರು ಆ ಕಲ್ಲುಗಳನ್ನು ಸಲೀಸಾಗಿ ದಾಟುತ್ತಿತ್ತು. ಜೀಪು ಮಾತ್ರ ಹೊಟ್ಟೆ ಊರಿ ಕೂರುತ್ತಿತ್ತು. ಇನ್ನೊಂದು ದಾರಿ ಹಳ್ಳದ್ದು. ಅಲ್ಲಿ ಎರೆಮಣ್ಣು, ಮೇಲಿನ ಹೊಲದವರು ಕಡಲೆಗೆ ನೀರು ಬಿಟ್ಟರೆ ಗಾಲಿ ಅರ್ಧ ಹೂತು ಹೋಗುತ್ತದೆ.

ಹೋದ ವರ್ಷ, ಹೊಲದಲ್ಲೇ ಕುಳಿತು ಉಣ್ಣುವ ಎಳ್ಳು ಅಮಾವಾಸ್ಯೆಯ ಹಬ್ಬಕ್ಕೆ, ಓಣಿಯ ಹೆಂಗಸರನ್ನೆಲ್ಲ ತುಂಬಿಕೊಂಡು ಜೀಪು ಆ ಕಲ್ಲಿನ ಮೇಲೆ ಸಿಕ್ಕಿಬಿದ್ದಿತ್ತು. ಎಲ್ಲರೂ ಇಳಿದರೂ ಅಲುಗಲಿಲ್ಲ. ಆಗ ಧೂಳಪ್ಪ ಕಟ್ಟೆಯ ಮೇಲಿನಿಂದ, ಎಲೆ ಅಡಿಕೆ ಬಾಯಲ್ಲಿಟ್ಟುಕೊಂಡು ಹೇಳಿದ್ದ: "ಯಾಕ ಅನಸೂಯಿ, ಗಾಡಿ ಚಿಂತಿ ಯಾಕ ಮಾಡ್ತಿ? ಇಳಿದೀ ಅಂದಮ್ಯಾಲ ನಡಿ. ನಡಿಯೋದು ನಿನಗ ರೂಢಿ ಅದ."

ಅನುಸೂಯಾಬಾಯಿ ನಡೆಯಲಿಲ್ಲ. ಜೀಪನ್ನು ಹಿಂದೆ ಎಳೆಸಿ, ಕಾಳು ಸೊಪ್ಪು ಕುದಿಸಿದ ಭಜ್ಜಿಯ ಬೋಗುಣಿ ತೊಡೆಯ ಮೇಲಿಟ್ಟುಕೊಂಡು ಬೀದರಿಗೆ ಮರಳಿದಳು. ಹೊಲದಲ್ಲಿ ಉಣ್ಣಬೇಕಾದ ಊಟವನ್ನು ಓಣಿಯ ಮಂದಿ ಮೈಲೂರಿನ ಮನೆಯ ಮಾಳಿಗೆಯ ಮೇಲೆ, ಒಣಹಾಕಿದ ಬಟ್ಟೆಗಳ ನಡುವೆ ಕುಳಿತು ಉಂಡರು. ಆಯಿ ಒಂದು ತುತ್ತು ಮುಟ್ಟಲಿಲ್ಲ. ಆ ದಿನದಿಂದ ಪ್ರಣಾಲಿಗೆ ಆ ಕಲ್ಲು ದಾರಿಯಲ್ಲಲ್ಲ, ಎದೆಯಲ್ಲೇ ಇಟ್ಟಂತಾಗಿತ್ತು.

ಈಗ ಮತ್ತೆ ಅಮಾವಾಸ್ಯೆ ಹತ್ತಿರ ಬರುತ್ತಿತ್ತು. ಔರಾದದ ಕಡೆ ಕುರಿಗಳಿಗೆ ಲಸಿಕೆ ಹಾಕಲು ಹೋದ ದಿನ ಪ್ರಣಾಲಿ ಬೋರವಾಡಿಗೆ ಹೋಗಿ, ಒಡ್ಡಿನ ಪಕ್ಕ ಕುಕ್ಕರಗಾಲಲ್ಲಿ ಕುಳಿತು ಟೇಪು ಹಿಡಿದು ಅಳೆದಿದ್ದಳು. ಆಮೇಲೆ ಜೀಪಿನ ಹೊಟ್ಟೆಯನ್ನೂ ಅಳೆದಳು. ಒಂದೂವರೆ ಇಂಚು ಕಡಿಮೆ ಬೀಳುತ್ತಿತ್ತು.

ಊಟಕ್ಕೆ ಕುಳಿತಾಗ ಅವಳ ಅಪ್ಪ ಮಚ್ಛೇಂದ್ರ ತಲೆ ಅಲ್ಲಾಡಿಸಿದ. ಸರಕಾರಿ ಕಚೇರಿಯಲ್ಲಿ ಗುಮಾಸ್ತನಾಗಿ ತಲೆ ನರೆತವನು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂಬ ಜಾತಿಯ ಮನುಷ್ಯ.

"ಆ ಒಡ್ಡು ತೆಗಸ್ರಿ ಅಂತ ತಹಸೀಲಿಗಿ ಅರ್ಜಿ ಕೊಟ್ಟೀನಿ. ಸ್ಥಳಪರಿಶೀಲನಾ ಆಗ್ತದ. ಗಾಡಿಗಿ ಯಾಕ ಕೈ ಹಚ್ಚಬೇಕು?"

"ಅರ್ಜಿ ಕೊಟ್ಟು ಎಷ್ಟು ದಿನ ಆಯ್ತಪ್ಪಾ?" ಪ್ರಣಾಲಿ ಕೇಳಿದಳು.

"ಸರಕಾರದ ಕೆಲಸ. ವೇಳ್ಯಾ ಹಿಡೀತದ."

"ನಿನ್ನ ಸಾಹೇಬರು ಬಂದು ನೋಡೋದ್ರಾಗ ನಾ ಹೊಲದಾಗ ಮಣ್ಣಾಗಿರ್ತೇನಿ," ಎಂದಳು ಆಯಿ. "ಆವಾಗರ ಆ ಹಾದಿಲಿಂದ ಒಯ್ತೀರೇನು, ಇಲ್ಲಾ ನನ್ನ ಹೆಣಕ್ಕೂ ಅರ್ಜಿ ಕೊಡ್ತೀರಿ?"

"ಯವ್ವಾ, ಊಟದ ಮುಂದ ಏನ್ ಮಾತದು! ಮತ್ತ ನಾವು ಬೌದ್ಧರು. ಎಳ್ಳ ಅಮಾಸಿ ನಮಗ ಯಾಕ ಬೇಕು?"

"ಪೂಜಾ ಬಿಟ್ಟೀನಿ. ಭಜ್ಜಿ ಬಿಟ್ಟಿಲ್ಲ," ಎಂದಳು ಅನುಸೂಯಾಬಾಯಿ. "ಹೊಲ ನಂದು. ಅದರಾಗ ಕುಂತು ಉಣ್ಣಾಕ ಯಾವ ಧರ್ಮದವರನ್ನ ಕೇಳಬೇಕು ನಾ?"

ಮಚ್ಛೇಂದ್ರ ಸಾರಿನಲ್ಲಿ ರೊಟ್ಟಿ ಮುರಿದು ಹಾಕಿಕೊಂಡ. ಅವ್ವನ ಮುಂದೆ ಅವನ ರೊಟ್ಟಿ ಬಹಳ ಸಣ್ಣ ಚೂರುಗಳಾಗುತ್ತಿತ್ತು.

ಅಶ್ವಜಿತ ಮಾತ್ರ ಕಣ್ಣರಳಿಸಿ ಕುಳಿತಿದ್ದ. ಮೊಬೈಲ್ ಅಂಗಡಿಯಲ್ಲಿ ಕೆಲಸ ಮಾಡುವ ಹುಡುಗ, ದಿನವಿಡೀ ವಿಡಿಯೋ ನೋಡಿ ಗಾಡಿಗಳ ವಿಷಯದಲ್ಲಿ ಪಂಡಿತನಾಗಿದ್ದ. "ಹಾಕ್ಸೋದಾದ್ರ ನಾಕಿಂಚು ಹಾಕ್ಸಕ್ಕಾ. ಎರಡಿಂಚು ಹಾಕಿದ್ರ ಹಾಕಿದ್ದು ಯಾರಿಗೂ ಕಾಣಲ್ಲ. ನಾಕಿಂಚು, ದೊಡ್ಡ ಟೈಯರು, ಮುಂದ ಲೈಟಿನ ಪಟ್ಟಿ. ಜಯಂತಿ ಮೆರವಣಿಗ್ಯಾಗ ನಮ್ಮ ಗಾಡಿ ಮುಂದ ಇರಬೇಕು!"

"ಮೆರವಣಿಗಿ ಡಾಂಬರ ಮ್ಯಾಲ ಹೋಗ್ತದ. ಅದಕ್ಕ ಲಿಫ್ಟ್ ಯಾಕ?" ಎಂದಳು ಪ್ರಣಾಲಿ.

"ನಾಕಿಂಚೇ ಬೇಕು," ಎಂದಳು ಆಯಿ, ಬೆರಳೆತ್ತಿ ಮಾತು ತಡೆದು.

"ಆಯಿ, ಕಲ್ಲು ದಾಟಾಕ ಎರಡು ಸಾಕು. ನಾ ಅಳೆದೀನಿ."

"ನೀ ಕಲ್ಲು ಅಳದಿ. ನಾ ಕಟ್ಟಿ ಅಳದೀನಿ." ಆಯಿ ತಾಟು ಸರಿಸಿದಳು. "ಮದುವಿಯಾಗಿ ಬಂದಾಗಿಂದ ಆ ಕಟ್ಟಿ ಮುಂದ ನಡದೀನಿ ಪ್ರಣಾಲಿ. ಕಾಲಾಗಿನ ಚಪ್ಪಲಿ ಕೈಯಾಗ. ತಲಿ ಮ್ಯಾಲ ಸೆರಗು. ನನ್ನ ತಲಿ ಧೂಳಪ್ಪನ ಅಪ್ಪನ ಕಾಲಿನ ಮಟ್ಟಕ್ಕ ಬರ್ತಿತ್ತು. ಆಮ್ಯಾಲ ಇವನ ಕಾಲಿನ ಮಟ್ಟಕ್ಕ. ಈಗ ಗಾಡಿಯಾಗ ಕುಂತ್ರೂ ಅವ ನನ್ನ ಮ್ಯಾಲಿಂದ ನೋಡ್ತಾನ. ಒಂದ್ ಸಲ, ಒಂದೇ ಸಲ ನಾ ಅವನ ಕೆಳಗ ಇರಬಾರದು. ಅಷ್ಟೇ."

ಮಹಾಮಾಯಾ ಎದ್ದು ಹೋಗಿ, ಯಾರೂ ಕೇಳದಿದ್ದರೂ ಎಲ್ಲರ ತಾಟಿಗೂ ಮತ್ತೊಂದು ರೊಟ್ಟಿ ಹಾಕಿದಳು. ಖರ್ಚಿಗೆ ಅವಳ ಒಪ್ಪಿಗೆ ಸಿಕ್ಕಿತೆಂದು ಎಲ್ಲರಿಗೂ ಅದರಿಂದಲೇ ತಿಳಿಯಿತು.

ಉಳಿದದ್ದು ಎರಡೋ ನಾಲ್ಕೋ ಎಂಬ ಜಗಳ.

ಜುನೈದನ ಗ್ಯಾರೇಜು ಇವರ ಓಣಿಯ ತಿರುವಿನಲ್ಲೇ ಇತ್ತು. ಅವನ ಹೆಂಡತಿ ಫರಹತ ಮಹಾಮಾಯಾಳ ಗೆಳತಿ, ಎರಡೂ ಮನೆಗಳ ನಡುವೆ ಸಾರಿನ ಬಟ್ಟಲು ಓಡಾಡುತ್ತಲೇ ಇರುತ್ತಿತ್ತು. ಪ್ರಣಾಲಿಯೂ ಅಶ್ವಜಿತನೂ ಹೋದಾಗ ಜುನೈದ ಜೀಪಿನ ಕೆಳಗೆ ತೂರಿ, ಟಾರ್ಚು ಬಿಟ್ಟು, ಬಹಳ ಹೊತ್ತು ನೋಡಿ ಹೊರಬಂದ.

"ನೋಡ್ರಿ ಡಾಕ್ಟರ್ ಮೇಡಂ, ಕಿಟ್ ಅಂದ್ರ ಬರೇ ಪಟ್ಟಾ ಅಲ್ಲ. ಪಟ್ಟಾ ಎತ್ತರ ಆದ್ರ ಶಾಕ್ ಅಬ್ಸಾರ್ಬರ್ ಉದ್ದ ಬೇಕು, ಬ್ರೇಕಿನ ಪೈಪ್ ಉದ್ದ ಬೇಕು. ಎರಡಿಂಚಿಗಿ ಇಷ್ಟರಾಗ ಮುಗೀತದ. ನಾಕಿಂಚಂದ್ರ ಕೆಳಗ ತಿರುಗೋ ಶಾಫ್ಟ್ ಸೊಟ್ಟ ನಿಂದರ್ತದ, ಅದನ್ನೂ ಬದಲಿ ಮಾಡಬೇಕು. ಮತ್ತ ಗಾಡಿ ತಲಿಭಾರ ಆಗ್ತದ. ತಿರುವಿನಾಗ ವಾಲ್ತದ."

"ಖಾಲಿದಭಾಯಿ ಭಾಲ್ಕ್ಯಾಗ ನಾಕಿಂಚು ಹಾಕಿ ಕೊಡ್ತಾನ," ಎಂದ ಅಶ್ವಜಿತ. "ಅರ್ಧಾ ರೊಕ್ಕದಾಗ."

"ಹಾಕ್ತಾನಪ್ಪಾ, ಯಾಕ ಹಾಕಲ್ಲ? ಪಟ್ಟಾ ಹಳೇವೇ ಬಿಡ್ತಾನ, ನಡುವ ಕಬ್ಬಿಣದ ತುಂಡು ಇಡ್ತಾನ. ಗಾಡಿ ಎತ್ತರ ಆಗ್ತದ. ಕುಂತವರ ಜೀವ ಬಾಯಿಗಿ ಬರ್ತದ." ಜುನೈದ ಕೈ ಒರೆಸಿಕೊಂಡ. "ಇನ್ನೊಂದು ಮಾತು ಮೇಡಂ. ಎರಡಿಂಚಿನ ಪಟ್ಟಾ ಎರಡು ನಮೂನಿ ಬರ್ತಾವ. ಒಂದು ಮೆತ್ತಂದು, ಒಂದು ಭಾರ ಹೊರೋ ಗಟ್ಟಿದು. ಗಾಡಿಯಾಗ ಎಷ್ಟು ಮಂದಿ ಕೂಡ್ತೀರಿ?"

"ನಾನೊಬ್ಬಾಕಿ, ಔಷಧದ ಪೆಟ್ಟಿಗಿ. ಮನಿ ಮಂದಿ ಎಲ್ಲಾ ಕೂಡಿದ್ರ ಐದು."

"ಹಂಗಾದ್ರ ಮೆತ್ತಂದೇ ಹಾಕ್ಸ್ರಿ. ಗಟ್ಟಿದು ಹಾಕಿದ್ರ ಖಾಲಿ ಗಾಡಿ ಕುಣೀತದ. ಆಯಿ ಸೊಂಟ ಮುರೀತದ."

ಪ್ರಣಾಲಿ ಹೌದೆಂದಳು. ವರ್ಷದ ಮುನ್ನೂರ ಅರವತ್ತನಾಲ್ಕು ದಿನಕ್ಕೆ ಸರಿಯಾದ ಉತ್ತರ ಅದು.

ಅಶ್ವಜಿತ ಬಿಡುವವನಲ್ಲ. ಮುಂದಿನ ವಾರ ಅವಳು ಆಸ್ಪತ್ರೆಯಿಂದ ಹೊರಬೀಳುವ ಹೊತ್ತಿಗೆ ಭಾಲ್ಕಿಗೇ ಬಂದು ನಿಂತಿದ್ದ. ಖಾಲಿದನ ಅಂಗಡಿಯ ಮುಂದೆ ನಾಲ್ಕಿಂಚು ಎತ್ತರಿಸಿದ ಒಂದು ಕೆಂಪು ಜೀಪು ಮದುವೆಗೆ ಹೊರಟ ಕುದುರೆಯಂತೆ ನಿಂತಿತ್ತು. ಪ್ರಣಾಲಿಗೂ ಒಂದು ಕ್ಷಣ ಆಸೆಯಾಯಿತು. ಏಕೆ ಸುಳ್ಳು ಹೇಳಬೇಕು, ಅಂಥ ಗಾಡಿಯಲ್ಲಿ ಕುಳಿತು ಬೋರವಾಡಿಗೆ ನುಗ್ಗಬೇಕೆಂದು ಅವಳಿಗೂ ಅನ್ನಿಸಿತು.

"ಓಡಿಸಿ ನೋಡ್ರಿ, ಫುಕಟ," ಎಂದ ಖಾಲಿದ, ಕೀಲಿ ಎಸೆದು.

ಊರ ಹೊರಗಿನ ರಸ್ತೆಯಲ್ಲಿ ನೆಟ್ಟಗೆ ಹೋಗುವ ತನಕ ಎಲ್ಲವೂ ಚೆನ್ನಾಗಿತ್ತು. ಎದುರಿಗೆ ಕಬ್ಬಿನ ಗಾಡಿಯೊಂದು ಬಂತೆಂದು ಪ್ರಣಾಲಿ ಸ್ಟೀರಿಂಗ್ ಹೊರಳಿಸಿದ್ದೇ ತಡ, ಜೀಪು ಒಂದು ಮಗ್ಗುಲಿಗೆ ವಾಲಿತು. ಅಶ್ವಜಿತ ಬಾಗಿಲಿನ ಸರಳು ತಬ್ಬಿಕೊಂಡು "ಯವ್ವಾ!" ಎಂದ. ಗಾಡಿ ನಿಂತಮೇಲೂ ಮೈ ತೂಗುತ್ತಲೇ ಇತ್ತು.

"ಹ್ಯಾಂಗದ?" ಪ್ರಣಾಲಿ ಕೇಳಿದಳು.

"ನಿನಗ ರೂಢಿ ಇಲ್ಲ, ಅದಕ್ಕ."

"ಹಿಂದ ಆಯಿ, ನಮ್ಮ ಓಣಿ ಸುಭದ್ರಾಬಾಯಿ, ಫರಹತಚಾಚಿ ಕುಂತಿದ್ರ ಯಾರನ್ನ ತಬ್ಕೋತಿದ್ರು? ಆ ಸರಳು ಒಂದೇ ಅದ."

ಅಶ್ವಜಿತ ಮನೆಗೆ ಬಂದವನೇ ಆಯಿಯ ಕಿವಿಯಲ್ಲಿ ಊದಿದ, ಅಕ್ಕ ಹೆದರಿದಳೆಂದು.

ಆ ರಾತ್ರಿಯ ಊಟದಲ್ಲಿ ಬೆಂಕಿ ಬಿತ್ತು.

"ಹೆದರಿದೇನ ನೀ?" ಆಯಿ ಕೇಳಿದಳು.

"ಹೆದರಿದೆ. ಗಾಡಿ ಹೊಡಿಯಾಕಿ ನಾ, ಹೆದರಲಿಕ್ಕೇ ಬೇಕು."

"ಧೂಳಪ್ಪಗ ಹೆದರಿದವ ನಿಮ್ಮಪ್ಪ. ಈಗ ತಿರುವಿಗಿ ಹೆದರ್ದಾಕಿ ನೀ. ಛಲೋ ಅದ ನನ್ನ ಮನಿ!"

ಮಚ್ಛೇಂದ್ರ, "ನನ್ನ ಯಾಕ ನಡುವ ತರ್ತಿ?" ಎಂದು ಗೊಣಗಿದ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಪ್ರಣಾಲಿಯ ಮೂಗು ಕೆಂಪಾಯಿತು. ಆಯಿಯ ಸಿಟ್ಟು ಅವಳಿಗೆ ಹಂಚಿ ಬಂದದ್ದು ಸುಮ್ಮನಲ್ಲ. "ಆಯಿ, ನಿನಗ ಧೂಳಪ್ಪನಕಿಂತ ಮ್ಯಾಲ ಕೂಡಬೇಕು. ನನಗ ನಿನ್ನ ಹೊಲಕ್ಕ ಮುಟ್ಟಸಬೇಕು. ಗಾಡಿ ಪಲ್ಟಿ ಆದ್ರ ಅವ ಕಟ್ಟಿ ಮ್ಯಾಲ ಕುಂತು ಬಾಯಿ ತುಂಬಾ ನಗ್ತಾನ. ಎರಡಿಂಚು ಅಂದ್ರ ಎರಡೇ ಇಂಚು. ಬೇಕಂದ್ರ ಬಯ್ಯಿ, ಹೊಡಿ. ಸ್ಟೀರಿಂಗ್ ನನ್ನ ಕೈಯಾಗದ."

ಇಷ್ಟು ವರ್ಷಗಳಲ್ಲಿ ಅನುಸೂಯಾಬಾಯಿಗೆ ಎದುರು ನಿಂತು ಯಾರೂ ಹೀಗೆ ಹೇಳಿರಲಿಲ್ಲ. ಮಹಾಮಾಯಾ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು, ನಗುವಿಗೋ ಗಾಬರಿಗೋ ಅವಳಿಗೇ ಗೊತ್ತು. ಆಯಿ ತನ್ನ ತಾಟು ಎತ್ತಿಕೊಂಡು ಮಂಚದ ಮೇಲೆ ಹೋಗಿ ಕುಳಿತಳು. ಮರುದಿನದಿಂದ ಮೊಮ್ಮಗಳೊಡನೆ ಮಾತು ಬಂದ್. ಏನಾದರೂ ಹೇಳಬೇಕಿದ್ದರೆ ಮಹಾಮಾಯಾಳ ಮುಂದೆ, ಪ್ರಣಾಲಿಗೆ ಕೇಳುವ ಹಾಗೆ: "ಆ ಡಾಕ್ಟರ್‌ಬಾಯಿಗಿ ಹೇಳು, ನನ್ನ ಬಿಪಿ ಗುಳಿಗಿ ಮುಗದಾವ ಅಂತ."

ಗುಳಿಗೆ ಬರುತ್ತಿತ್ತು. ಮಾತು ಬರುತ್ತಿರಲಿಲ್ಲ.

ಜುನೈದ ಎರಡಿಂಚಿನ ಮೆತ್ತನೆಯ ಪಟ್ಟಾ ತರಿಸಿ ಹಾಕಿದ. ಜೀಪು ಅಂಗಳಕ್ಕೆ ಬಂದಾಗ ಅಶ್ವಜಿತ ಸುತ್ತು ಹಾಕಿ ನೋಡಿ, "ಕಾಣಲ್ಲ ಅಂದಿದ್ದಿಲ್ಲೇನು?" ಎಂದ. ಆದರೆ ಆಯಿಗೆ ಕಂಡಿತು. ಹತ್ತಲು ಹೋದವಳ ಮೊಣಕಾಲು ಅಲ್ಲಿಯ ತನಕ ಏಳಲಿಲ್ಲ. ಎರಡು ಸಲ ಪ್ರಯತ್ನಿಸಿ, ಯಾರ ಕೈಯನ್ನೂ ಹಿಡಿಯದೆ ಒಳಗೆ ಹೋದಳು. ಪ್ರಣಾಲಿಗೆ ನಾಲ್ಕಿಂಚಾಗಿದ್ದರೆ ಏನು ಗತಿ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು, ನುಂಗಿಕೊಂಡಳು.

ಎರಡು ದಿನ ಬಿಟ್ಟು ಅಶ್ವಜಿತ ವೆಲ್ಡಿಂಗ್ ಅಂಗಡಿಯಿಂದ ಒಂದು ಕಬ್ಬಿಣದ ಪಾವಟಿಗೆ ಮಾಡಿಸಿ ತಂದು, ಮುಂದಿನ ಸೀಟಿನ ಬಾಗಿಲಿನ ಕೆಳಗೆ ಗಟ್ಟಿಯಾಗಿ ಕೂರಿಸಿದ. ಜಾರಬಾರದೆಂದು ಹಳೆಯ ಟೈಯರಿನ ತುಂಡು ಹೊದಿಸಿದ್ದ.

"ಇದಕ್ಕ ಯಾರ ರೊಕ್ಕ?" ಪ್ರಣಾಲಿ ಕೇಳಿದಳು.

"ಲೈಟಿನ ಪಟ್ಟಿ ರೊಕ್ಕ," ಎಂದು ಅವನು ಬೇರೆ ಕಡೆ ನೋಡಿದ.

ಆಯಿ ಹತ್ತಿ ಕುಳಿತಳು. ಇಳಿದಳು. ಮತ್ತೆ ಹತ್ತಿದಳು. ಆ ಸಂಜೆಯೇ ಕೋಲು ಹಿಡಿದು ಓಣಿಯಲ್ಲಿ ಮನೆಮನೆಗೆ ಹೊರಟಳು. "ಅಮಾಸಿಗಿ ಹೊಲಕ್ಕ ಬರ್ರಿ. ಗಾಡಿ ಎತ್ತರ ಆಗ್ಯದ. ಈ ಸಲ ಮಾಳಿಗಿ ಮ್ಯಾಲ ಅಲ್ಲ, ಹೊಲದಾಗೇ ಊಟ." ಸುಭದ್ರಾಬಾಯಿಯ ಮನೆ, ಫರಹತಳ ಮನೆ, ಹಿಂದಿನ ಓಣಿ, ಮಚ್ಛೇಂದ್ರನ ಕಚೇರಿಯ ಜವಾನನ ಮನೆ. ಹೋದ ವರ್ಷ ಮರಳಿ ಬಂದವರನ್ನೆಲ್ಲ ಕರೆಯದೆ ಅವಳ ಸೇಡು ತೀರುವಂತಿರಲಿಲ್ಲ.

ಅಮಾವಾಸ್ಯೆಯ ಹಿಂದಿನ ದಿನದಿಂದಲೇ ಮನೆ ಸಂತೆಯಾಯಿತು. ಅವರೆ, ತೊಗರಿ, ಕಡಲೆ, ಹತ್ತು ನಮೂನೆಯ ಸೊಪ್ಪು ಸೋಸಿ ಭಜ್ಜಿ ಕುದಿಸಿದರು. ಸಜ್ಜೆ ರೊಟ್ಟಿಗೆ ಎಳ್ಳು ಹಚ್ಚಿದರು. ಫರಹತ ಬಂದು ಶೇಂಗಾದ ಹೋಳಿಗೆ ಲಟ್ಟಿಸಿದಳು. ಗಡಿಗೆ ತುಂಬ ಅಂಬಲಿ ಆಯಿತು. ಬೆಳಿಗ್ಗೆ ಜೀಪಿನಲ್ಲಿ ಗಡಿಗೆ, ಬೋಗುಣಿ, ರೊಟ್ಟಿಯ ಬುಟ್ಟಿ ಇಟ್ಟಮೇಲೆ ಮಂದಿ ಏರತೊಡಗಿದರು. ಒಬ್ಬರ ತೊಡೆಯ ಮೇಲೆ ಒಬ್ಬರ ಮಗು. ಹಿಂದಿನ ಪಟ್ಟಿಯ ಮೇಲೆ ಜುನೈದನೂ ಅಶ್ವಜಿತನೂ ನಿಂತು ಜೋತುಬಿದ್ದರು. ಮುಂದೆ ಪಾವಟಿಗೆಯ ಬದಿಯಲ್ಲಿ ಅನುಸೂಯಾಬಾಯಿ, ಇಸ್ತ್ರಿಯ ಬಿಳಿ ಸೀರೆಯಲ್ಲಿ, ಕಾಲಲ್ಲಿ ಹೊಸ ಚಪ್ಪಲಿ.

ಔರಾದ ದಾಟಿ ಮಣ್ಣಿನ ದಾರಿಗೆ ಇಳಿದಾಗ ಪ್ರಣಾಲಿಗೆ ಜೀಪು ಯಾಕೋ ಭಾರವೆನ್ನಿಸಿತು. ಧೂಳಪ್ಪನ ಮನೆ ಕಂಡಿತು. ಕಟ್ಟೆ ಕಂಡಿತು. ಕಟ್ಟೆಯ ಮೇಲೆ ಅವನೂ ಕಂಡ. ಅವಳು ಗಿಯರು ಇಳಿಸಿ, ಮುಂದಿನ ಗಾಲಿಗಳನ್ನು ಕಲ್ಲಿನ ಮೇಲೆ ಹತ್ತಿಸಿ ಆಚೆ ಇಳಿಸಿದಳು.

ಕರ್ರ್ ಎಂದು ಹೊಟ್ಟೆ ಕಲ್ಲಿಗೆ ಉಜ್ಜಿತು.

ಪ್ರಣಾಲಿ ಹಿಂದಿನ ಗಿಯರು ಹಾಕಿ ಮೆಲ್ಲಗೆ ವಾಪಸು ಬಂದಳು. ಜುನೈದ ಜಿಗಿದು ಕೆಳಗೆ ಬಗ್ಗಿ ನೋಡಿ ಹಣೆ ಬಡಿದುಕೊಂಡ. "ಮೇಡಂ, ನೀವು ಐದು ಮಂದಿ ಅಂದಿದ್ರಿ! ಇದರಾಗ ಮೈಲೂರ ಮೈಲೂರೇ ಅದ! ಮೆತ್ತನ ಪಟ್ಟಾ, ಹಾಕಿದ ಎರಡಿಂಚೂ ಕೂತು ಹೋಗ್ಯಾವ!"

ಅಳೆದದ್ದು ಖಾಲಿ ಗಾಡಿ. ವರ್ಷಕ್ಕೊಮ್ಮೆ ಆಯಿ ಇಡೀ ಓಣಿಯನ್ನು ತುಂಬುತ್ತಾಳೆಂಬುದು ಗೊತ್ತಿದ್ದೂ, ಆ ದಿನಕ್ಕೆಂದೇ ಕಿಟ್ ಹಾಕಿಸುತ್ತಿದ್ದರೂ, ಗ್ಯಾರೇಜಿನಲ್ಲಿ ಅದನ್ನೇ ಮರೆತಿದ್ದಳು. ಪ್ರಣಾಲಿಗೆ ತನ್ನ ಮೇಲೆಯೇ ಹೇಸಿಗೆಯಾಯಿತು. ಆಯಿಯ ಮುಖ ನೋಡುವ ಧೈರ್ಯವಾಗಲಿಲ್ಲ.

ಕಟ್ಟೆಯಿಂದ ಧೂಳಪ್ಪ ಕೂಗಿದ. "ಡಾಕ್ಟರ್‌ಬಾಯಿ, ಮುದುಕಿನ ಇಳಸ್ರಿ. ನಡದು ರೂಢಿ ಅದ ಆಕಿಗಿ."

ಅಶ್ವಜಿತ ತೋಳೇರಿಸಿ ಕಲ್ಲಿನ ಕಡೆಗೆ ನುಗ್ಗಿದ. "ಇವನ್ನ ಕಿತ್ತಿ ಒಗಿತೇನಿ ಇವತ್ತ!"

"ಅಶ್ವಜಿತಾ! ಕಲ್ಲು ಮುಟ್ಟಬ್ಯಾಡ." ಆಯಿಯ ದನಿ. "ಅವ ಹಾಕಿದ ಕಲ್ಲು, ಅವನಿಗೇ ಇರಲಿ. ನಾವು ದಾಟೋದು ಅವ ನೋಡಬೇಕು." ಆಮೇಲೆ ಹಿಂದಕ್ಕೆ ಹೊರಳಿ ಹೇಳಿದಳು: "ಎಲ್ಲಾರೂ ಇಳೀರಿ. ಭಜ್ಜಿ ಇಳಸ್ರಿ, ಅಂಬಲಿ ಇಳಸ್ರಿ. ನಾ ಇಳ್ಯಲ್ಲ."

ಮಂದಿ ಇಳಿಯತೊಡಗಿದರು. ಜೀಪು ಒಬ್ಬೊಬ್ಬರಿಗೂ ಒಂದಿಷ್ಟು ಏಳುತ್ತ ಬಂತು. ಅಂಬಲಿಯ ಗಡಿಗೆ ಯಾರು ಹೊರಬೇಕೆಂದು ಮಹಾಮಾಯಾ ಅತ್ತಿತ್ತ ನೋಡುವುದರೊಳಗೆ ಮಚ್ಛೇಂದ್ರ ಮುಂದೆ ಬಂದ. ಕಚೇರಿಯ ಪ್ಯಾಂಟು, ಕಿಸೆಯಲ್ಲಿ ಪೆನ್ನು. ಟವಲನ್ನು ಸಿಂಬೆ ಸುತ್ತಿ ತಲೆಯ ಮೇಲಿಟ್ಟುಕೊಂಡು, "ಎತ್ತಿ ಇಡ್ರಿ," ಎಂದ.

"ಅಪ್ಪಾ, ನೀವು..."

"ನನ್ನ ಅರ್ಜಿ ಅಲ್ಲೇ ಇರಲಿ. ನೀ ಗಾಡಿ ಓಡಿಸು, ಗಡಿಗಿ ನಾ ಹೊರ್ತೇನಿ. ಹೊತ್ತಾಗ್ತದ, ನಡಿ."

ಹುಟ್ಟಿದಾಗಿನಿಂದ ಪಾಟೀಲನ ಕಟ್ಟೆಯ ಮುಂದೆ ತಲೆ ತಗ್ಗಿಸಿಯೇ ನಡೆದಿದ್ದ ಮಚ್ಛೇಂದ್ರ, ಗಡಿಗೆ ಬೀಳಬಾರದೆಂದಾದರೂ ಸರಿ, ಕತ್ತು ನೆಟ್ಟಗೆ ಮಾಡಿ ಆ ಕಟ್ಟೆಯ ಮುಂದೆ ಹಾದುಹೋದ. ಅವನ ಹಿಂದೆ ಭಜ್ಜಿಯ ಬೋಗುಣಿ ಹಿಡಿದ ಫರಹತ, ರೊಟ್ಟಿಯ ಬುಟ್ಟಿ ಹೊತ್ತ ಸುಭದ್ರಾಬಾಯಿ, ಹೆಂಗಸರು, ಮಕ್ಕಳು. ಒಂದು ಜೀಪು ತಡೆಯಲು ಹಾಕಿದ ಕಲ್ಲಿನ ಮೇಲೆ ಒಂದು ಓಣಿಯೇ ಚಪ್ಪಲಿ ಮೆಟ್ಟಿ ನಡೆಯಿತು.

ಈಗ ಗಾಡಿಯಲ್ಲಿ ಇಬ್ಬರೇ. ಪ್ರಣಾಲಿ ಮತ್ತೆ ಗಿಯರು ಹಾಕಿದಳು. ಮುಂದಿನ ಗಾಲಿಗಳು ಕಲ್ಲನ್ನು ಹಿಡಿದು ಮೇಲೆದ್ದವು.

"ನಿಂದರಿಸು," ಎಂದಳು ಆಯಿ. ವಾರಗಳಾದ ಮೇಲೆ ನೇರವಾಗಿ ಆಡಿದ ಮೊದಲ ಮಾತು ಅದು.

ಪ್ರಣಾಲಿ ಬ್ರೇಕು ಒತ್ತಿದಳು. ಜೀಪು ಕಲ್ಲಿನ ನೆತ್ತಿಯ ಮೇಲೆ ಮೂಗೆತ್ತಿ ನಿಂತಿತು. ಅವಳು ಎಡಕ್ಕೆ ನೋಡಿದಳು. ಮೊದಲು ಆಯಿಯ ಮುಖ, ಅದರ ಆಚೆ, ಅದೇ ಮಟ್ಟದಲ್ಲಿ, ಧೂಳಪ್ಪ ಪಾಟೀಲನ ಮುಖ. ಅವನು ಮೇಲಿರಲಿಲ್ಲ. ಇವಳು ಕೆಳಗಿರಲಿಲ್ಲ. ಮಂಚದ ಮೇಲೆ ಎದುರುಬದುರು ಕುಳಿತ ಇಬ್ಬರು ಮುದುಕರ ಹಾಗೆ ಕಣ್ಣಿಗೆ ಕಣ್ಣು ಸರಿಯಾಗಿತ್ತು. ಧೂಳಪ್ಪ ಎಲೆ ಅಡಿಕೆ ಜಗಿಯುವುದನ್ನು ನಿಲ್ಲಿಸಿದ್ದ.

"ಇಳಿಲಿಲ್ಲೇನ ಅನಸೂಯಿ?" ಎಂದ. ದನಿಯಲ್ಲಿ ಮೊದಲಿನ ನಗೆ ಇರಲಿಲ್ಲ.

"ಇಲ್ಲ ಧೂಳಪ್ಪಾ. ಇಳಿಲಿಲ್ಲ." ಆಯಿ ಸೆರಗು ಸರಿಪಡಿಸಿಕೊಂಡಳು, ತಲೆಯ ಮೇಲೆ ಎಳೆದುಕೊಳ್ಳಲಿಲ್ಲ. "ಹೊಲದಾಗ ಭಜ್ಜಿ ಅದ, ಉಣ್ಣಾ ಬಾ. ಅಮಾಸಿ ದಿನ ಯಾರನ್ನೂ ಬಿಟ್ಟು ಉಣ್ಣಬಾರದು. ಗಾಡಿಯಾಗ ಜಾಗ ಅದ, ಆದ್ರ ನೀ ಕುಂತಿ ಅಂದ್ರ ಹೊಟ್ಟಿ ಕಲ್ಲಿಗಿ ತಾಕ್ತದ. ನಡಕೋತ ಬಾ. ಹಾದಿ ಭಾಳ ದೂರಿಲ್ಲ."

ಧೂಳಪ್ಪನ ಹಿಂದೆ ಬಾಗಿಲಲ್ಲಿ ನಿಂತಿದ್ದ ಅವನ ಸೊಸೆ ಮುಖ ತಿರುಗಿಸಿ ನಕ್ಕದ್ದನ್ನು ಪ್ರಣಾಲಿ ನೋಡಿದಳು. ಅವನು ಏನೋ ಹೇಳಲು ಬಾಯಿ ತೆರೆದ. ಬಾಯಿಯ ತುಂಬ ಎಲೆ ಅಡಿಕೆ ಇತ್ತು.

"ನಡಿ," ಎಂದಳು ಆಯಿ.

ಈಗ ತಾಕಿದರೆ ಮುಗಿಯಿತು. ಪ್ರಣಾಲಿ ಉಸಿರು ಹಿಡಿದು ಬ್ರೇಕು ಬಿಟ್ಟಳು. ಮುಂದಿನ ಗಾಲಿಗಳು ಆಚೆ ಇಳಿದವು. ಕಲ್ಲಿನ ಮೇಲೆ ಹೊಟ್ಟೆ ಬಂತು. ಅವಳು ಕಿವಿಗೊಟ್ಟಳು. ಎಂಜಿನ್ನಿನ ಸದ್ದೊಂದೇ. ಹಿಂದಿನ ಗಾಲಿಗಳು ಹತ್ತಿದವು, ಧಡ್ ಎಂದು ಇಳಿದವು. ಮುಂದೆ ನಿಂತಿದ್ದ ಮಂದಿ ಹೋ ಎಂದು ಕೂಗಿದರು. ಅಶ್ವಜಿತ ಹುಚ್ಚನಂತೆ ಕುಣಿಯುತ್ತಿದ್ದ. ಮಚ್ಛೇಂದ್ರನ ಗಡಿಗೆಯಿಂದ ಅಂಬಲಿ ತುಳುಕಿ ಅವನ ಕಿಸೆಯ ಪೆನ್ನಿನ ಮೇಲೆ ಇಳಿಯುತ್ತಿತ್ತು.

ಪ್ರಣಾಲಿಯ ಕಣ್ಣು ಮಂಜಾದವು. "ಆಯಿ, ನಂದೇ ತಪ್ಪು. ಮಂದಿ ಲೆಕ್ಕ ಮರ್ತಿದ್ದೆ. ನೀ ನಾಕಿಂಚು ಕೇಳಿದ್ದಿ..."

"ನಾಕು ಬಂದಾವಲ್ಲ." ಅನುಸೂಯಾಬಾಯಿ ಸೀಟಿನಲ್ಲಿ ನೆಟ್ಟಗೆ ಕುಳಿತು ಮುಂದೆ ನೋಡುತ್ತಿದ್ದಳು. "ಎರಡು ನೀ ಹಾಕ್ಸಿದಿ. ಕಮ್ಮಿ ಬಿದ್ದ ಎರಡು ಧೂಳಪ್ಪನ ಕಲ್ಲು ಕೊಟ್ಟಾವ."

ಸ್ವಲ್ಪ ದೂರ ಹೋದಮೇಲೆ ಮತ್ತೆ ಹೇಳಿದಳು:

"ಜೋರಿಲೇ ಹೊಡಿ. ಭಜ್ಜಿ ಆರ್ತದ."